ಜಾಲಂಧ್ರ: ಕಲ್ಲಿನ ಕಿಟಕಿ, ಬೆಳಕಿನ ಲೆಕ್ಕ



ಕಲ್ಯಾಣದ, ಎಂದರೆ ಇಂದಿನ ಬಸವಕಲ್ಯಾಣದ, ನೆಲದಲ್ಲಿ ನಿಂತು ಮಾತಾಡುವವರು ಅರಸರಿಂದ ಶುರು ಮಾಡುತ್ತಾರೆ, ಇಲ್ಲವೆ ಶರಣರಿಂದ. ನಾನು ಕಿಟಕಿಯ ಒಂದು ಭಾಗದಿಂದ ಶುರು ಮಾಡುತ್ತೇನೆ. ನಮ್ಮ ಹಳೆಯ ಗುಡಿಗಳಲ್ಲಿ ಗೋಡೆಯ ತೆರಪಿಗೋ ಎರಡು ಕಂಬಗಳ ನಡುವಿಗೋ ನಿಲ್ಲಿಸಿದ, ಮೈತುಂಬ ತೂತು ಕೊರೆದ ಕಲ್ಲಿನ ಹಲಗೆ ಇರುತ್ತದೆ. ಅದರ ಹೆಸರು ಜಾಲಂಧ್ರ. ಕೆಲವು ಪುಸ್ತಕಗಳಲ್ಲಿ ಜಾಲಾಂಧ್ರ ಎಂದೂ ಅಚ್ಚಾಗಿದೆ. ಶಿಲ್ಪ, ಶಾಸನ ಓದಿದವರ ಬರಹಗಳ ಆಚೆಗೆ ಈ ಹೆಸರು ಹೆಚ್ಚು ಓಡಾಡಿಲ್ಲ. ದಿನಾ ಗುಡಿಗೆ ಹೋಗುವವರು ಅದನ್ನು ಕಲ್ಲಿನ ಜಾಳಿ ಅಂತಾರೆ, ಅಷ್ಟೆ.

ಹೆಸರು ಮರೆತರೆ ನಷ್ಟ ಸಣ್ಣದು. ಅದರ ಕೆಲಸ ಮರೆತರೆ ನಷ್ಟ ದೊಡ್ಡದು. ನಾವು ಜಾಲಂಧ್ರವನ್ನು ಕೆತ್ತನೆಯೆಂದು ನೋಡುತ್ತೇವೆ, ಚೆಂದ ಇದೆ ಎಂದು ಫೋಟೊ ತೆಗೆಯುತ್ತೇವೆ. ಮಾಡಿದವರು ಅದನ್ನು ಕೂಡಿಸಿದ್ದು ಗುಡಿಯ ಒಳಗಿನ ಬೆಳಕನ್ನೂ ಗಾಳಿಯನ್ನೂ ಹದದಲ್ಲಿ ಇಡುವುದಕ್ಕೆ. ಚೆಲುವು ಆ ಕೆಲಸದ ಜೊತೆಗೇ ಬಂತು. ಈ ಕೆಲಸ ಮರೆತುಹೋದುದರಿಂದಲೇ ಇವತ್ತು ಜೀರ್ಣೋದ್ಧಾರದ ಹೆಸರಿನಲ್ಲಿ ಜಾಲಂಧ್ರಗಳು ಮುಚ್ಚಿಹೋಗುತ್ತಿವೆ. ಈ ಹೊತ್ತು ನಾನು ಹೇಳಬೇಕೆಂದು ಬಂದದ್ದು ಇದನ್ನೇ.

ಕಲ್ಯಾಣ ಚಾಲುಕ್ಯರ ಕಾಲದ ಒಂದು ಗುಡಿಯೊಳಗೆ ನನ್ನ ಜೊತೆ ಬನ್ನಿ. ಮೊದಲು ಮುಖಮಂಟಪ. ಮೂರು ಕಡೆ ತೆರೆದಿರುತ್ತದೆ, ಹೊರಗಿನ ಬೆಳಕೆಲ್ಲ ಅಲ್ಲಿದೆ. ಅದರ ಆಚೆ ನವರಂಗ. ಗೋಡೆ ಸುತ್ತುವರಿದ ಸಭಾಂಗಣ, ನಡುವೆ ಕಡೆದು ನುಣುಪು ಮಾಡಿದ ನಾಲ್ಕು ಕಂಬ, ಮೇಲೆ ಕಮಲ ಬಿಡಿಸಿದ ಚಾವಣಿ, ಅಂದರೆ ಭುವನೇಶ್ವರಿ. ಬೆಳಕು ಇಲ್ಲಿಗೆ ಬರುವಾಗಲೇ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಅದರ ಆಚೆ ಅಂತರಾಳ, ಶುಕನಾಸಿ ಎಂದರೂ ಅದೇ. ಕೊನೆಗೆ ಗರ್ಭಗುಡಿ. ಗರ್ಭಗುಡಿಗೆ ಕಿಟಕಿ ಇಲ್ಲ. ಈ ಕಾಲದ ಗುಡಿಗಳಲ್ಲಿ ಅಂತರಾಳದ ಬಾಗಿಲುವಾಡದ ಎಡಬಲಕ್ಕೆ, ಚೌಕಟ್ಟಿನ ಪಟ್ಟಿಗಳಾದ ಶಾಖೆಗಳ ಪಕ್ಕದಲ್ಲೇ, ಎರಡು ಜಾಲಂಧ್ರಗಳನ್ನು ನಿಲ್ಲಿಸುವುದು ವಾಡಿಕೆ. ನಮ್ಮ ಕಣ್ಣು ನೇರ ಬಾಗಿಲಿಗೆ, ಬಾಗಿಲಾಚೆಯ ದೇವರಿಗೆ ಹೋಗುತ್ತದೆ. ಇಕ್ಕೆಲದ ಆ ಎರಡು ಹಲಗೆಗಳ ಮುಂದೆ ಯಾರೂ ನಿಲ್ಲುವುದಿಲ್ಲ.

ಆ ಎರಡನ್ನು ಇಲ್ಲವೆಂದು ಎಣಿಸಿ ನೋಡೋಣ. ಅವುಗಳ ಜಾಗದಲ್ಲಿ ಬರಿ ಗೋಡೆ ಇದ್ದರೆ ಅಂತರಾಳಕ್ಕೆ ಬಾಗಿಲಷ್ಟೇ ಬೆಳಕು. ಭಕ್ತರು ಬಾಗಿಲಲ್ಲಿ ನಿಂತರೆ ಅದೂ ಮುಚ್ಚಿತು. ಪೂಜಾರಿಯ ಕೈಗೆ ನೆರಳು, ಎಣ್ಣೆದೀಪದ ಹೊಗೆಗೆ ಹೊರದಾರಿ ಇಲ್ಲ. ಗೋಡೆಯೂ ಬೇಡ, ಪೂರ್ತಿ ತೆರೆದೇ ಬಿಡೋಣ ಎಂದರೆ ನವರಂಗದ ಗದ್ದಲವೂ ಬೆಳಕೂ ಗರ್ಭಗುಡಿಯ ಹೊಸ್ತಿಲವರೆಗೆ ನುಗ್ಗುತ್ತವೆ. ಜಾಲಂಧ್ರ ಈ ಎರಡರ ನಡುವೆ ನಿಂತಿದೆ. ಬಾಗಿಲಿಗೆ ಜನ ಕಿಕ್ಕಿರಿದಾಗಲೂ ಇಕ್ಕೆಲದಿಂದ ಒಂದಿಷ್ಟು ಬೆಳಕು ಒಳಗೆ ಸೇರುತ್ತದೆ, ಒಂದಿಷ್ಟು ಗಾಳಿ ಆಡುತ್ತದೆ. ಗೋಡೆಯ ಮರ್ಯಾದೆಗೂ ಕುಂದಿಲ್ಲ.

ಕಣ್ಣಿನ ವಿಷಯವೂ ಇಲ್ಲಿದೆ. ಬಿಸಿಲಿನಿಂದ ಕತ್ತಲೆಗೆ ಬಂದವರ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕೆಂದು ನೇತ್ರವಿಜ್ಞಾನ ಹೇಳುತ್ತದೆ. ದರ್ಶನಕ್ಕೆ ಬಂದವರು ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದ ಗುಡಿಯೇ ಹಂತ ಹಂತವಾಗಿ ಕಣ್ಣನ್ನು ತಯಾರು ಮಾಡುತ್ತದೆ: ಮುಖಮಂಟಪದಲ್ಲಿ ಒಂದು ಬೆಳಕು, ನವರಂಗದಲ್ಲಿ ಅದಕ್ಕಿಂತ ಕಡಿಮೆ, ಅಂತರಾಳದಲ್ಲಿ ಇನ್ನೂ ಕಡಿಮೆ. ಗರ್ಭಗುಡಿಯ ಮುಂದೆ ಬಂದು ನಿಂತಾಗ ಒಂದೇ ಒಂದು ಎಣ್ಣೆದೀಪ ಲಿಂಗವನ್ನು ಕಾಣಿಸುವಷ್ಟು ಕಣ್ಣು ಪಳಗಿರುತ್ತದೆ. ಈ ಮೆಟ್ಟಿಲುಗಳಲ್ಲಿ ಕೊನೆಯದನ್ನು ಕಟ್ಟಿದ್ದು ಜಾಲಂಧ್ರ.

ಜಾಲಂಧ್ರದ ಹತ್ತಿರ ಹೋಗಿ ನಿಂತರೆ ಇನ್ನೊಂದು ಕಾಣುತ್ತದೆ. ನವರಂಗದ ಕಡೆಯಿಂದ ನೋಡಿದರೆ ಕಲ್ಲಿನ ಬಳ್ಳಿ ಸ್ಪಷ್ಟವಾಗಿ ಕಾಣುತ್ತದೆ, ತೂತುಗಳು ಕಪ್ಪಾಗಿರುತ್ತವೆ, ಆಚೆ ಏನಿದೆ ತಿಳಿಯುವುದಿಲ್ಲ. ಅಂತರಾಳದ ಒಳಗೆ ಹೋಗಿ ಹಿಂದಿರುಗಿ ನೋಡಿದರೆ ಎಲ್ಲ ತಿರುಗುಮುರುಗು. ಕಲ್ಲು ಕಪ್ಪಾಗಿ, ತೂತುಗಳು ಬೆಳಗಿ, ನವರಂಗದಲ್ಲಿ ಓಡಾಡುವವರ ಕಾಲು, ಸೀರೆಯ ಅಂಚು, ಕೈಯಲ್ಲಿನ ತಟ್ಟೆ ತುಣುಕು ತುಣುಕಾಗಿ ಕಾಣುತ್ತವೆ. ಬೆಳಕು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆ ಕಾಣದು, ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆ ಕಾಣುತ್ತದೆ. ಒಳಗಿರುವವರು ಹೊರಗಿನವರನ್ನು ನೋಡಬಹುದು, ಹೊರಗಿನವರು ಒಳಗೆ ಇಣುಕಲಾಗದು. ಇದನ್ನೇ ಅರಮನೆಗಳು ರಾಣಿವಾಸಕ್ಕೆ ಬಳಸಿಕೊಂಡವು. ಕಾಳಿದಾಸನ ರಘುವಂಶದ ಏಳನೆಯ ಸರ್ಗದಲ್ಲಿ ಅಜನ ಮೆರವಣಿಗೆ ನೋಡಲು ಊರಿನ ಹೆಂಗಸರು ಓಡಿ ಬರುತ್ತಾರಲ್ಲ, ಅವರು ನಿಲ್ಲುವುದು ಚಿನ್ನದ ಜಾಲವಿರುವ ಉಪ್ಪರಿಗೆಗಳಲ್ಲಿ. ಅಂದರೆ ಕಿಟಕಿಗೆ ಜಾಲ ಕೂಡಿಸುವುದು ಕಲ್ಯಾಣದ ಕಾಲಕ್ಕಿಂತ ನೂರಾರು ವರ್ಷ ಹಿಂದೆಯೇ ಕವಿಗಳ ಕಣ್ಣಿಗೆ ಬಿದ್ದಿತ್ತು.

ಹೊರಗೋಡೆಯ ಜಾಲಂಧ್ರದ ಲೆಕ್ಕ ಬೇರೆ. ಅಲ್ಲಿ ಅದು ಸೂರ್ಯನಿಗೆ ಎದುರಾಗಿ ನಿಲ್ಲಬೇಕು. ವಿದ್ಯಾರ್ಥಿಗಳಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತೂತಿನ ಎತ್ತರ ಎಷ್ಟೋ ಹಲಗೆಯ ದಪ್ಪವೂ ಅಷ್ಟೇ ಇದೆ ಎಂದುಕೊಳ್ಳಿ. ಆಗ ಹಲಗೆಗೆ ಎದುರಾಗಿ 45 ಡಿಗ್ರಿಗಿಂತ ಮೇಲಿರುವ ಸೂರ್ಯನ ನೇರ ಕಿರಣ ತೂತಿನ ತಳಕ್ಕೆ ಬಡಿದು ಅಲ್ಲೇ ನಿಲ್ಲುತ್ತದೆ, ಕೋಣೆಯೊಳಗೆ ಬೀಳುವುದಿಲ್ಲ. ಕಲ್ಲಿಗೆ ಬಡಿದು ಚೆದುರಿದ ತಂಪು ಬೆಳಕು ಮಾತ್ರ ಒಳಗೆ ಬರುತ್ತದೆ. ಬಸವಕಲ್ಯಾಣ, ಹುಮನಾಬಾದಗಳು ಇರುವುದು ಸುಮಾರು 17.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರ್ ತಿಂಗಳ ಅತಿ ಚಿಕ್ಕ ಹಗಲಿನ ನಡುಮಧ್ಯಾಹ್ನವೂ ಸೂರ್ಯ ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೇ ಎರಡನೆಯ ವಾರದಲ್ಲಿ ಮತ್ತು ಆಗಸ್ಟ್ ಮೊದಲಿಗೆ ನೇರ ನೆತ್ತಿಯ ಮೇಲೆ ಬರುತ್ತಾನೆ. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿದ ಅಂಥ ಹಲಗೆಯೊಂದು ವರ್ಷದ ಯಾವ ದಿನವೂ ನಡುಹಗಲ ಬಿಸಿಲನ್ನು ನೇರವಾಗಿ ಒಳಗೆ ಬಿಡುವುದಿಲ್ಲ. ಪೂರ್ವದ ಹಲಗೆಯಾದರೆ ಬೆಳಗಿನ ತಗ್ಗಿನ ಸೂರ್ಯ ಧಾರಾಳವಾಗಿ ಬರುತ್ತಾನೆ. ನಮ್ಮ ಬೇಸಿಗೆ ಎಂಥದೆಂದು ನಿಮಗೆ ಹೇಳಬೇಕಿಲ್ಲ. ಬೆಳಗಿನ ಬಿಸಿಲಿಗೆ ದಾರಿ, ಮಧ್ಯಾಹ್ನದ ಬಿಸಿಲಿಗೆ ತಡೆ. ಕರೆಂಟು ಬೇಡ, ಪರದೆ ಎಳೆಯಬೇಕಿಲ್ಲ. ದಪ್ಪ ಮತ್ತು ತೂತಿನ ಅಳತೆಯ ನಂಟು ಸರಿಯಿದ್ದರೆ ಸಾಕು.

ಇದೆಲ್ಲ ಸ್ಥಪತಿಗಳಿಗೆ ಡಿಗ್ರಿಗಳಲ್ಲಿ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಕಟ್ಟಿ, ಒಳಗೆ ನಿಂತು, ನೋಡಿ, ಮುಂದಿನ ಗುಡಿಯಲ್ಲಿ ತಿದ್ದಿಕೊಂಡ ತಿಳಿವಳಿಕೆ ಅದು. ಅದರ ಜಾಡನ್ನು ಐಹೊಳೆಯಿಂದ ಹಿಡಿಯಬಹುದು. ಲಾಡಖಾನ್ ಗುಡಿಯ ಗೋಡೆಗಳಲ್ಲಿ, ದುರ್ಗದ ಗುಡಿಯಲ್ಲಿ ಜಾಲಂಧ್ರಗಳು ಹೊರಗೋಡೆಯಲ್ಲೇ ಇವೆ. ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಸುಮಾರು 740ರಲ್ಲಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಸುತ್ತ ಒಮ್ಮೆ ಜಾಲಂಧ್ರಗಳನ್ನಷ್ಟೇ ನೋಡುತ್ತ ಬನ್ನಿ. ಒಂದರ ಮಾದರಿ ಇನ್ನೊಂದಕ್ಕಿಲ್ಲ. ತುಂಗಭದ್ರೆಯ ದಡದ ಆಲಂಪುರದ ಗುಡಿಗಳಲ್ಲೂ ಇದೇ ಪರಂಪರೆ ಇದೆ. ಬಾದಾಮಿ ಚಾಲುಕ್ಯರ ಈ ಗುಡಿಗಳಲ್ಲಿ ಒಳಾವರಣಕ್ಕೆ ಬೆಳಕಿನ ಮುಖ್ಯ ದಾರಿಗಳಲ್ಲಿ ಜಾಲಂಧ್ರವೂ ಒಂದು. ಕಲ್ಯಾಣದವರ ಹೊತ್ತಿಗೆ ಹೊರಗೋಡೆ ಕೋಷ್ಠ, ಅರೆಗಂಬ, ಕಿರುಗೋಪುರಗಳಿಂದ ತುಂಬಿಹೋಯಿತು. ಅಲ್ಲಿ ತೂತಿಗೆ ಜಾಗ ಉಳಿಯಲಿಲ್ಲ. ಜಾಲಂಧ್ರ ಒಳಗೆ ಸರಿದು ಅಂತರಾಳದ ಬಾಗಿಲಿಗೆ ಒತ್ತಾಗಿ ನಿಂತಿತು. ಗುಡಿಯ ಒಳಗಿನ ಕತ್ತಲು ಗಾಢವಾದದ್ದು ಹೀಗೆ. ಇದು ನನ್ನ ತಿಳಿವಳಿಕೆ. ಬೇರೆ ಓದುಗಳಿಗೂ ಅವಕಾಶವಿದೆ.

ಬೇಲೂರಿನದು ಇನ್ನೊಂದು ಕಥೆ. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ನವರಂಗದ ಸುತ್ತ ಕಂಬಗಳ ನಡುವೆ ತೆರಪಿತ್ತು. ಮುಂದೆ ಎರಡನೆಯ ಬಲ್ಲಾಳನ ಕಾಲದಲ್ಲಿ ಆ ತೆರಪುಗಳಿಗೆ ಜಾಲಂಧ್ರ ನಿಲ್ಲಿಸಿ, ಬಾಗಿಲು ಕೂಡಿಸಿ ಮುಚ್ಚಿದರು. ಕೆಲವು ಹಲಗೆಗಳಲ್ಲಿ ಬರಿ ಚುಕ್ಕೆ, ನಕ್ಷತ್ರದ ವಿನ್ಯಾಸ. ಕೆಲವುಗಳಲ್ಲಿ ಪುರಾಣ ಕಥೆ, ಒಂದರಲ್ಲಿ ಹೊಯ್ಸಳ ಅರಸನ ಒಡ್ಡೋಲಗ. ತೂತುಗಳ ನಡುವೆ ಉಳಿದ ಕಲ್ಲಿನಲ್ಲೇ ಒಂದು ರಾಜಸಭೆಯನ್ನು ಕೂರಿಸಿದ ಕುಶಲತೆಗೆ ಕೈಮುಗಿಯಬೇಕು. ಆದರೂ ಆ ನವರಂಗ ತೆರೆದಿದ್ದಾಗ ಕಂಬಗಳ ಮದನಿಕೆಯರು, ಭುವನೇಶ್ವರಿಯ ಕೆತ್ತನೆ ಹೇಗೆ ಕಾಣುತ್ತಿದ್ದವೋ ಎಂದು ನನಗೆ ಯಾವಾಗಲೂ ಅನಿಸುತ್ತದೆ. ಈಗ ಅವನ್ನು ನೋಡಲು ಮಾರ್ಗದರ್ಶಿಗಳು ಟಾರ್ಚು ಬಿಡಬೇಕಾಗಿದೆ.

ಶಿಲ್ಪಶಾಸ್ತ್ರದ ಪುಸ್ತಕಗಳು ಕಿಟಕಿಯನ್ನು ಹಗುರವಾಗಿ ನೋಡಿಲ್ಲ. ಮಾನಸಾರ ಜಾಲದ ಬಗೆಗಳಿಗೆ ಹೆಸರು ಕೊಟ್ಟಿದೆ: ನಾಗಬಂಧ, ವಲ್ಲಿ, ಗವಾಕ್ಷ, ಕುಂಜರಾಕ್ಷ, ಸ್ವಸ್ತಿಕ, ಸರ್ವತೋಭದ್ರ, ನಂದ್ಯಾವರ್ತ, ಪುಷ್ಪಬಂಧ. ಹಾವು ಹೆಣೆದುಕೊಂಡಂತೆ ಕಂಡರೆ ನಾಗಬಂಧ. ಬಳ್ಳಿ ಸುರುಳಿ ಸುರುಳಿಯಾಗಿ ಏರಿದರೆ ವಲ್ಲಿ. ಆನೆಯ ಕಣ್ಣಿನ ಆಕಾರದ ತೂತಾದರೆ ಕುಂಜರಾಕ್ಷ. ಹೆಸರುಗಳಿಂದಲೇ ಮಾದರಿ ಕಣ್ಣಿಗೆ ಕಟ್ಟುತ್ತದೆ. ನಮ್ಮ ಕಲ್ಯಾಣದ ಅರಸನೇ ಬರೆದ ಗ್ರಂಥವೂ ಒಂದಿದೆ. 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ನೂರು ಅಧ್ಯಾಯಗಳ ವಿಶ್ವಕೋಶ. ಅದರ ಮೂರನೆಯ ವಿಂಶತಿ ಅರಸ ಅನುಭವಿಸುವ ಇಪ್ಪತ್ತು ಉಪಭೋಗಗಳನ್ನು ಹೇಳುತ್ತದೆ. ಮೊದಲನೆಯದೇ ಗೃಹೋಪಭೋಗ. ಊಟ, ಉಡುಗೆ, ಹೂವು, ಗಂಧ ಎಲ್ಲಕ್ಕಿಂತ ಮುಂಚೆ ಇರುವ ಮನೆ. ಮನೆಗೆ ಇಷ್ಟು ಬೆಲೆ ಕೊಟ್ಟ ಅರಸರ ಊರು ಇದು. ಒಂದನೆಯ ಸೋಮೇಶ್ವರ ಮಾನ್ಯಖೇಟ ಬಿಟ್ಟು ರಾಜಧಾನಿಯನ್ನು ಇಲ್ಲಿಗೆ ತಂದ. ಆರನೆಯ ವಿಕ್ರಮಾದಿತ್ಯ 1076ರಿಂದ ಐವತ್ತು ವರ್ಷ ಇಲ್ಲಿಂದ ಆಳಿದ. ಬಿಲ್ಹಣ ಆ ನಗರವನ್ನು ಕಾವ್ಯದಲ್ಲಿ ಕೊಂಡಾಡಿದ. ಅಂಥ ನಗರದ ಮನೆಗಳು, ಅರಮನೆಗಳು ಇವತ್ತು ಕಣ್ಣಿಗೆ ಸಿಗುವುದಿಲ್ಲ. ಸಿಗುವುದು ಊರಾಚೆಯ ಕಲ್ಲುಗಳು: ಬಸವಕಲ್ಯಾಣದ ಮಗ್ಗುಲಲ್ಲೇ ಇರುವ ನಾರಾಯಣಪುರದ ಶಿವಾಲಯ, ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ಗುಡಿ.

ಜಲಸಂಗ್ವಿಗೆ ಹೋದವರೆಲ್ಲ ಹೊರಗೋಡೆಯ ಶಿಲಾಬಾಲಿಕೆಯ ಮುಂದೆ ನಿಲ್ಲುತ್ತಾರೆ. ಆಕೆ ವಿಕ್ರಮಾದಿತ್ಯನ ಹೊಗಳಿಕೆಯನ್ನು ಫಲಕದ ಮೇಲೆ ಬರೆಯುತ್ತಿದ್ದಾಳೆ. ನಿಲ್ಲಲೇಬೇಕು, ಅಂಥ ಇನ್ನೊಬ್ಬಳು ಸಿಗುವುದು ಕಷ್ಟ. ನಾರಾಯಣಪುರದಲ್ಲೂ ಹೀಗೆಯೇ, ಮದನಿಕೆಯರನ್ನು ನೋಡಿ ಜನ ಹಿಂದಿರುಗುತ್ತಾರೆ. ನನ್ನ ವಿನಂತಿ ಇಷ್ಟು: ಹೊರಗೆ ನೋಡಿದಷ್ಟೇ ಹೊತ್ತು ಒಳಗೂ ನಿಲ್ಲಿ. ಮೂರ್ತಿಗಳನ್ನು ಬಿಟ್ಟು ಬೆಳಕನ್ನು ನೋಡಿ. ಅದು ಎಲ್ಲಿಂದ ಬರುತ್ತಿದೆ, ಎಲ್ಲಿ ನಿಲ್ಲುತ್ತಿದೆ, ಯಾವ ಕಂಬದ ಯಾವ ಮೈ ಮೇಲೆ ಬೀಳುತ್ತಿದೆ ಎಂದು ಗಮನಿಸಿ. ಗುಡಿ ಕಟ್ಟಿದವನ ಬುದ್ಧಿ ಅಲ್ಲಿ ಸಿಗುತ್ತದೆ.

ಇನ್ನು ಕಲ್ಲಿನ ಮಾತು. ಧಾರವಾಡ, ಗದಗ, ಹಾವೇರಿ ಕಡೆಯ ಶಿಲ್ಪಿಗಳಿಗೆ ಬಳಪದ ಕಲ್ಲು ಒದಗಿತು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಉಳಿಗೆ ಬಗ್ಗುತ್ತದೆ. ನಮ್ಮ ನೆಲ ಬೇರೆ. ಇದು ಲಾವಾ ಹರಿದು ಹೆಪ್ಪುಗಟ್ಟಿದ ದಖ್ಖನ್ನಿನ ಕರಿಕಲ್ಲಿನ ನೆಲ. ಬೀದರ, ಹುಮನಾಬಾದಗಳ ಎತ್ತರದ ಮೇಲೆ ಅದಕ್ಕೆ ಕೆಂಪು ಜಂಬಿಟ್ಟಿಗೆಯ ಹೊದಿಕೆ. ಜಂಬಿಟ್ಟಿಗೆಯ ಮೈಯಲ್ಲಿ ತಾನಾಗೇ ತೂತುಗಳಿವೆ, ಆದರೆ ಅದರಲ್ಲಿ ಬಳ್ಳಿ ಬಿಡಿಸಲಾಗದು, ಅಂಚು ಉದುರುತ್ತದೆ. ಗೋಡೆಗೆ, ಬಾವಿಗೆ ಅದು ಒಳ್ಳೆಯದು. ಕರಿಕಲ್ಲಿನಲ್ಲಿ ಬಿಡಿಸಬಹುದು, ಆದರೆ ಬೆವರು ಇಳಿಸುತ್ತದೆ. ಕಲ್ಲುಕುಟಿಗ ಮೊದಲು ಹಲಗೆಯನ್ನು ನುಣುಪು ಮಾಡಿ ಮೇಲೆ ಚೌಕದ ಗೆರೆ ಎಳೆಯುತ್ತಾನೆ. ಚಾಣದ ತುದಿಯಿಂದ ತೂತಿನ ನಡುವಿನಿಂದ ಅಂಚಿಗೆ ಸ್ವಲ್ಪ ಸ್ವಲ್ಪ ಬಿಡಿಸುತ್ತ ಬರುತ್ತಾನೆ. ಒಂದೊಂದು ತೂತು ಬಿದ್ದಂತೆ ಹಲಗೆಯ ಬಲ ಇಳಿಯುತ್ತ ಹೋಗುತ್ತದೆ. ಅಂದರೆ ಕೆಲಸ ಮುಗಿಯುತ್ತ ಬಂದಂತೆ ಅಪಾಯ ಹೆಚ್ಚು. ಕೊನೆಯ ಸಾಲಿನಲ್ಲಿ ಒಂದು ಪೆಟ್ಟು ಜೋರಾದರೆ ಒಂದು ಎಳೆ ಮುರಿಯಿತು, ಇಡೀ ಹಲಗೆ ಹೋಯಿತು. ಮೂರ್ತಿಯ ಬೆರಳು ಮುರಿದರೆ ತುಸು ಒಳಗೆ ಸರಿದು ತಿದ್ದಿಕೊಳ್ಳಬಹುದು. ಜಾಲಂಧ್ರದಲ್ಲಿ ಸರಿಯಲು ಜಾಗವಿಲ್ಲ. ಶಿಲ್ಪಿಗಳ ಹೊಗಳಿಕೆಯಲ್ಲಿ ನಾವು ಮದನಿಕೆಗೆ ಕೊಟ್ಟ ಸ್ಥಾನವನ್ನು ಜಾಲಂಧ್ರಕ್ಕೂ ಕೊಡಬೇಕೆಂದು ನಾನು ಹೇಳುವುದು ಇದಕ್ಕೇ.

ಕಲ್ಯಾಣದ ರಾಜ್ಯ ಹೋದ ಮೇಲೂ ಈ ಜಾಣತನ ನಿಲ್ಲಲಿಲ್ಲ. ನಮ್ಮ ಬಿಜಾಪುರದ ಇಬ್ರಾಹಿಂ ರೋಜಾಕ್ಕೆ ಹೋಗಿ. 17ನೆಯ ಶತಮಾನದ ಮೊದಲ ಭಾಗದ ಆ ಗೋರಿಯ ಕಿಟಕಿಗಳಲ್ಲಿ ಬಳ್ಳಿಯ ಬದಲು ಅರಬ್ಬಿ ಅಕ್ಷರಗಳನ್ನೇ ಜಾಳಿಯಾಗಿ ಕೊರೆದಿದ್ದಾರೆ. ಅಕ್ಷರ ಕಲ್ಲಿನದು, ಅಕ್ಷರದ ನಡುವಿನ ತೆರಪು ಬೆಳಕಿನದು. ಒಂದು ಅಕ್ಷರ ಇನ್ನೊಂದನ್ನು ತಾಗಿರಬೇಕು, ಇಲ್ಲದಿದ್ದರೆ ಬಿದ್ದುಹೋಗುತ್ತದೆ. ಓದಲೂ ಬರಬೇಕು, ಭಾರವೂ ಹೊರಬೇಕು. ಅಹ್ಮದಾಬಾದಿನ ಸಿದಿ ಸಯ್ಯದ್ ಮಸೀದಿಯ ಜಾಳಿ 1573ರದು. ಮರವೊಂದು ಕೊಂಬೆ ಹೆಣೆದುಕೊಂಡು ಕಮಾನು ತುಂಬಿ ನಿಂತ ಮಾದರಿ. ಅದು ಆ ಊರಿನ ಗುರುತೇ ಆಗಿಹೋಗಿ, ಅಲ್ಲಿಯ ಹೆಸರಾಂತ ವ್ಯವಸ್ಥಾಪನಾ ಸಂಸ್ಥೆಯ ಲಾಂಛನದಲ್ಲೂ ಸೇರಿದೆ. ಒಂದು ನಗರ ಒಂದು ಕಿಟಕಿಯ ಹಲಗೆಯನ್ನು ಇಷ್ಟು ಎತ್ತಿ ಹಿಡಿಯಬಲ್ಲುದಾದರೆ, ಚಾಲುಕ್ಯರ ರಾಜಧಾನಿಯಾಗಿದ್ದ ಊರಿನವರಾದ ನಾವು ನಮ್ಮದನ್ನು ಕನಿಷ್ಠ ಗುರುತಿಸಬೇಡವೆ?

ಗುಡಿ, ಗೋರಿ, ಅರಮನೆಗಳಲ್ಲೇ ಈ ವಿದ್ಯೆ ನಿಂತಿಲ್ಲ. ನಮ್ಮ ಭಾಗದ ಮಾಳಿಗೆ ಮನೆಗಳನ್ನು ನೆನೆಸಿಕೊಳ್ಳಿ. ದಪ್ಪ ಗೋಡೆ, ಜಂತಿ, ಮೇಲೆ ಮಣ್ಣು. ಗೋಡೆಯಲ್ಲಿ ಕಿಟಕಿ ಕಡಿಮೆ, ಮಾಡಗಳೇ ಹೆಚ್ಚು. ಅಡುಗೆ ಮನೆಯ ಬೆಳಕು ಬರುವುದು ಮಾಳಿಗೆಯಲ್ಲಿ ಬಿಟ್ಟ ಗವಾಕ್ಷಿಯಿಂದ. ಒಲೆಯ ಹೊಗೆ ಹೋಗುವುದೂ ಅದರಿಂದಲೇ. ಮಳೆ ಬಂದರೆ ಮೇಲೆ ಹತ್ತಿ ಮುಚ್ಚಬೇಕು, ಮಕ್ಕಳಿಗೆ ಆ ಕೆಲಸ. ಗವಾಕ್ಷಿಯಿಂದ ಇಳಿದ ಬಿಸಿಲ ಕೋಲು ನೆಲದ ಮೇಲೆ ಎಲ್ಲಿಗೆ ಬಂತೆಂದು ನೋಡಿ ಹೊತ್ತು ಹೇಳುವ ಅಜ್ಜಿಯರು ನಮ್ಮ ಓಣಿಗಳಲ್ಲಿದ್ದರು. ಊರಿನ ಉರ್ದು ಮಾತಿನ ಮನೆಗಳಲ್ಲಿ ಗೋಡೆಯ ಮೇಲ್ಭಾಗದ ಕಿರುಕಿಂಡಿಗೆ ರೋಶನ್‌ದಾನ್ ಎನ್ನುವರು. ಸಿಮೆಂಟು ಬಂದ ಮೇಲೆ ಜಾಲಂಧ್ರದ ಮೊಮ್ಮಗನೊಬ್ಬ ಮನೆಮನೆಗೆ ಬಂದ. ಮೆಟ್ಟಿಲ ಗೋಡೆಗೆ, ಬಚ್ಚಲಿಗೆ, ಶಾಲೆಯ ವರಾಂಡಕ್ಕೆ ಕೂಡಿಸುವ ಸಿಮೆಂಟ್ ಜಾಳಿ. ಯಾರೂ ಅದನ್ನು ಕಲೆ ಎನ್ನಲಿಲ್ಲ. ಆದರೆ ಅದು ಮಾಡಿದ್ದು ಪಟ್ಟದಕಲ್ಲಿನ ಹಲಗೆ ಮಾಡಿದ ಕೆಲಸವನ್ನೇ.

ಇಟ್ಟಂಗಿಯಲ್ಲಿ ಜಾಳಿ ಕಟ್ಟುತ್ತಿದ್ದ ಹುಮನಾಬಾದ ಕಡೆಯ ಹಿರಿಯ ಗೌಂಡಿಯೊಬ್ಬರ ಜೊತೆ ಹಿಂದೊಮ್ಮೆ ಮಾತಾಡುತ್ತ ನಿಂತಿದ್ದೆ. ತೂತಿನ ತಳಕ್ಕೆ ಅವರು ಸಿಮೆಂಟನ್ನು ಸ್ವಲ್ಪ ಹೊರಕ್ಕೆ ಓರೆಯಾಗಿ ಬಳಿಯುತ್ತಿದ್ದರು. ಯಾಕೆಂದು ಕೇಳಿದೆ. "ಸಪಾಟ ಬಿಟ್ರ ಮಳಿ ನೀರು ಒಳಗ ಬರ್ತದ್ರಿ ಸರ. ಹೊರಗ ಇಳಿಜಾರ ಕೊಟ್ರ ಗಾಳಿ ಅಷ್ಟೇ ಬರ್ತದ" ಎಂದರು. ಯಾವ ಶಾಸ್ತ್ರದಲ್ಲಿ ಓದಿದ್ದೂ ಅಲ್ಲ, ಅವರ ತಂದೆಯ ಕೈಯಿಂದ ಕಲಿತದ್ದು. ಜಾಲಂಧ್ರದ ಪಾಠ ಇನ್ನೂ ಜೀವ ಹಿಡಿದಿರುವುದು ಇಂಥ ಕೈಗಳಲ್ಲಿ. ಕಲ್ಯಾಣದಲ್ಲಿ ಇಂಥ ಕೈಗಳಿಗೆ ಮರ್ಯಾದೆ ಸಿಕ್ಕಿದ ಕಾಲವೊಂದಿತ್ತು, ಅದು ಶರಣರ ಕಾಲ. ಬಾಚಿ ಹಿಡಿದು ಮರ ಕೆತ್ತುವುದನ್ನೇ ಕಾಯಕ ಮಾಡಿಕೊಂಡ ಬಸವಯ್ಯ ವಚನಕಾರನಾಗಿ ಉಳಿದಿದ್ದಾನೆ, ಹೆಂಡತಿ ಕಾಳವ್ವೆಯೂ ವಚನ ಬರೆದಿದ್ದಾಳೆ. ಬಡಿಗ, ಗೌಂಡಿ, ಕಲ್ಲುಕುಟಿಗರ ತಿಳಿವಳಿಕೆಯನ್ನು ವಿದ್ಯೆಯೆಂದು ಒಪ್ಪಿಕೊಳ್ಳುವುದು ಈ ಊರಿಗೆ ಹೊಸದೇನಲ್ಲ.

ಕೇರಳದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್ ಇಟ್ಟಿಗೆಯ ಜಾಳಿಗಳನ್ನು ಕಡಿಮೆ ಖರ್ಚಿನ ಮನೆಗಳಲ್ಲಿ ಮತ್ತೆ ಮತ್ತೆ ಬಳಸಿದರು. ಮರದ ಚೌಕಟ್ಟು, ಗಾಜು, ಸಲಾಕೆ ಮೂರರ ಖರ್ಚೂ ಉಳಿಯುತ್ತದೆ, ಗಾಳಿ ಹಗಲೂ ರಾತ್ರಿ ಆಡುತ್ತದೆ ಎಂಬುದು ಅವರ ಲೆಕ್ಕ. ಕರಾವಳಿಯ ಜಿಗಿ ಸೆಕೆಯಲ್ಲಿ ಅದು ಒಗ್ಗಿತು. ನಮ್ಮ ಒಣ ಬಿಸಿಲಿಗೆ, ಧೂಳಿಗೆ ತೂತು ಸ್ವಲ್ಪ ಚಿಕ್ಕದಿರಬೇಕು, ಗೋಡೆ ಸ್ವಲ್ಪ ದಪ್ಪ ಬೇಕು. ಅದನ್ನು ತೀರ್ಮಾನಿಸಬಲ್ಲವರು ನಮ್ಮ ಗೌಂಡಿಗಳೇ.

ಈಗ ನೋವಿನ ಮಾತಿಗೆ ಬರುತ್ತೇನೆ. ಹಳ್ಳಿಗಳ ಹಳೆಯ ಗುಡಿಗಳಲ್ಲಿ ಜಾಲಂಧ್ರಕ್ಕೆ ಮೊದಲು ಒದಗುವುದು ಸುಣ್ಣ. ಹಬ್ಬಕ್ಕೊಮ್ಮೆ ಬಳಿದ ಸುಣ್ಣ ಪದರ ಪದರವಾಗಿ ಕೂತು ತೂತಿನ ಅಂಚು ಮಾಯುತ್ತದೆ, ಬಳ್ಳಿ ಹಿಟ್ಟಿನ ಮುದ್ದೆಯಂತೆ ಕಾಣುತ್ತದೆ. ಆಮೇಲೆ ಎಣ್ಣೆ ಬಣ್ಣ. ಅದು ಕಲ್ಲಿನ ಮೈಯನ್ನು ಮುಚ್ಚಿ ಒಳಗಿನ ತೇವ ಹೊರಬರದಂತೆ ಮಾಡುತ್ತದೆ. ಆಮೇಲೆ ಪಾರಿವಾಳದ ಕಾಟವೆಂದು ತಂತಿಬಲೆ, ಧೂಳೆಂದು ಗಾಜು, ಕೊನೆಗೆ ಸಿಮೆಂಟು. ಒಳಗೆ ಕತ್ತಲಾಯಿತೆಂದು ಟ್ಯೂಬ್‌ಲೈಟು, ಹೊಗೆ ನಿಂತಿತೆಂದು ಫ್ಯಾನು. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. ಭಕ್ತಿಯಿಂದ, ದುಡಿದ ದುಡ್ಡು ಹಾಕಿ ಮಾಡುತ್ತಾರೆ. ಅದಕ್ಕೇ ನನಗೆ ಹೆಚ್ಚು ಸಂಕಟ. ಅವರಿಗೆ ಯಾರಾದರೂ ಮೊದಲೇ ಹೇಳಿದ್ದರೆ ಆ ದುಡ್ಡೂ ಉಳಿಯುತ್ತಿತ್ತು, ಗುಡಿಯೂ.

1961ರ ರಾಜ್ಯ ಕಾಯ್ದೆ ಸಂರಕ್ಷಿತ ಸ್ಮಾರಕಗಳನ್ನು ಕಾಯುತ್ತದೆ. ಆ ಪಟ್ಟಿಗೆ ಸೇರದ ಹಳ್ಳಿಗುಡಿಗಳು ಬಹಳ. ಅವನ್ನು ಊರೇ ಕಾಯಬೇಕು. ದಾಖಲೆಯ ವಿಷಯದಲ್ಲೂ ನಮಗೆ ಕೊರತೆ ಉಳಿದಿದೆ. ಪುರಾತತ್ವಜ್ಞ ಹೆನ್ರಿ ಕಸಿನ್ಸ್ 1926ರಲ್ಲಿ ಚಾಲುಕ್ಯ ವಾಸ್ತುವಿನ ದೊಡ್ಡ ಗ್ರಂಥ ತಂದಾಗ ಅವರ ಗಮನ ಮುಖ್ಯವಾಗಿ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಮೇಲಿತ್ತು. ನಾವು ಆಗ ನಿಜಾಮರ ಸೀಮೆ. ಇನ್ನೊಬ್ಬ ಪುರಾತತ್ವಜ್ಞ ಗುಲಾಮ್ ಯಜ್ದಾನಿ 1947ರಲ್ಲಿ ಬೀದರಿನ ಬಗ್ಗೆ ಬರೆದ ಅಪೂರ್ವ ಗ್ರಂಥದ ಮುಖ್ಯ ವಸ್ತು ಬೀದರ ನಗರದ ಬಹಮನಿ, ಬರೀದಶಾಹಿ ಕಟ್ಟಡಗಳು. ಇಬ್ಬರಿಗೂ ನಾವು ಋಣಿಗಳು. ಆದರೆ ನಮ್ಮ ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳ ಊರೂರಿನ ಗುಡಿಗಳ ಕಿಟಕಿ, ಬಾಗಿಲುಗಳನ್ನು ಅಳೆದು ಬರೆದಿಡುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ಇನ್ನೊಂದು ಅವಕಾಶ ನಮ್ಮ ಕಣ್ಣೆದುರಿಗಿದೆ. 2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಆಗ ಪ್ರಕಟವಾದ ಯೋಜನೆಯಂತೆ ಅದು ಆರು ಅಂತಸ್ತಿನ, 770 ಕಂಬಗಳ ಕಟ್ಟಡ, ಕಲ್ಯಾಣ ಚಾಲುಕ್ಯ ಶೈಲಿಯಲ್ಲಿ. ಶೈಲಿ ಎಂದರೆ ಗೋಡೆಗೆ ಅಂಟಿಸಿದ ಕಂಬ, ಕಮಲ ಮಾತ್ರ ಅಲ್ಲ. ಆ ಶೈಲಿಯ ಕಿಟಕಿ ಕೆಲಸ ಮಾಡುತ್ತಿತ್ತು. ಅಲ್ಲಿ ಕೂಡಿಸುವ ಜಾಲಂಧ್ರಗಳ ಹಿಂದೆ ಗಾಜು ಬಿಗಿದು ಹವಾನಿಯಂತ್ರಕ ಓಡಿಸಿದರೆ ಅದು ಚಾಲುಕ್ಯರ ಚಿತ್ರವಷ್ಟೇ ಆದೀತು. ದಕ್ಷಿಣಕ್ಕೆ ದಪ್ಪ ಹಲಗೆ, ಪೂರ್ವಕ್ಕೆ ಸಡಿಲ ಹಲಗೆ ಎಂದು ದಿಕ್ಕು ನೋಡಿ ಅಳತೆ ಕೊಟ್ಟು ಮಾಡಿಸಿದರೆ, ಬರುವವರಿಗೆ ಮೇ ತಿಂಗಳ ಮಧ್ಯಾಹ್ನವೂ ಒಳಗೆ ತಂಪು ತಿಳಿದೀತು. ಕೆಲಸಕ್ಕೆ ಈ ಸೀಮೆಯ ಕಲ್ಲುಕುಟಿಗರನ್ನೂ ಗೌಂಡಿಗಳನ್ನೂ ಕರೆದರೆ ಅದು ನಿಜವಾಗಿಯೂ ಕಾಯಕದ ಮಂಟಪವಾಗುತ್ತದೆ. ಈ ಮಾತನ್ನು ಸಂಬಂಧಪಟ್ಟವರಿಗೆ ಮುಟ್ಟಿಸುವ ಸಾಮರ್ಥ್ಯವಿರುವ ಹಿರಿಯರು ಈ ಸಭೆಯಲ್ಲಿದ್ದಾರೆ. ಅವರಿಗೆ ಕೈಮುಗಿದು ಕೇಳಿಕೊಳ್ಳುತ್ತೇನೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮ ಊರಿನಲ್ಲಿ, ಪಕ್ಕದ ಊರಿನಲ್ಲಿ ಹಳೆಯ ಗುಡಿ, ದರ್ಗಾ, ಮಠ, ವಾಡೆ ಯಾವುದಿದ್ದರೂ ಅದರ ಜಾಲಂಧ್ರ, ಜಾಳಿ, ಗವಾಕ್ಷಿಗಳನ್ನು ಹುಡುಕಿ. ಹಲಗೆಯ ಉದ್ದ, ಅಗಲ, ದಪ್ಪ, ತೂತಿನ ಅಳತೆ, ಯಾವ ದಿಕ್ಕಿಗೆ ಮುಖ, ಯಾವ ಕಲ್ಲು, ತೆರೆದಿದೆಯೋ ಮುಚ್ಚಿದೆಯೋ ಬರೆದುಕೊಳ್ಳಿ. ಅಲ್ಲಿಯ ಹಿರಿಯರು, ಗೌಂಡಿಗಳು ಅದಕ್ಕೆ ಏನೆಂದು ಕರೆಯುತ್ತಾರೆ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಮೊಬೈಲು ಎಲ್ಲರ ಕೈಯಲ್ಲಿದೆ, ಚಿತ್ರ ತೆಗೆಯುವಾಗ ಒಂದು ಅಳತೆ ಪಟ್ಟಿಯನ್ನು ಪಕ್ಕದಲ್ಲಿಡಿ. ನಿಮ್ಮ ಅಧ್ಯಾಪಕರಿಗೆ ಒಪ್ಪಿಸಿ. ಈ ಉಪನ್ಯಾಸದ ದತ್ತಿ ಇರಿಸಿದ ಮನೆತನದ ಹಿರಿಯರು ಒಪ್ಪಿದರೆ ಮುಂದಿನ ವರ್ಷದ ಉಪನ್ಯಾಸದ ಹೊತ್ತಿಗೆ ಅದೆಲ್ಲ ಒಂದು ಕಿರುಹೊತ್ತಿಗೆಯಾಗಿ ಬರಲಿ.

ಗುಡಿಗಳ ಜೀರ್ಣೋದ್ಧಾರ ಸಮಿತಿಗಳಲ್ಲಿ ಇರುವವರು ಇಲ್ಲಿದ್ದರೆ ಅವರಲ್ಲಿ ನನ್ನದೊಂದೇ ಬೇಡಿಕೆ: ಕೆಲಸ ಶುರು ಮಾಡುವ ಮುನ್ನ ಜಾಲಂಧ್ರಗಳ ಸುಣ್ಣ, ಬಣ್ಣವನ್ನು ಬಲ್ಲವರ ಕೈಯಿಂದ ಮೆಲ್ಲಗೆ ತೆಗೆಸಿ, ಹಿಂದಿನ ಗಾಜು, ಸಿಮೆಂಟು ಬಿಡಿಸಿ, ಒಂದು ವಾರ ಟ್ಯೂಬ್‌ಲೈಟ್ ಆರಿಸಿ ಪೂಜೆ ನಡೆಸಿ ನೋಡಿ. ಆಮೇಲೂ ಬೆಳಕು ಸಾಲದೆಂದರೆ ದೀಪ ಹಾಕಿಸಿ, ಆದರೆ ಜಾಲಂಧ್ರವನ್ನು ಮತ್ತೆ ಮುಚ್ಚಬೇಡಿ.